ವೈರಸ್ಸಿಗೆ ನಕಲು ಮಾಡಿಕೊಡುವವರು ನಾವಾಗಬಾರದು

ಅಡಿಕೆಯ ಧಾರಣೆ ಕುಸಿದ ವರ್ಷ, ಕಾಫಿಗೆ ಹೂಮಳೆ ಕೈಕೊಟ್ಟ ವರ್ಷ, ಮನೆಯ ಖರ್ಚನ್ನು ತೂಗಿಸಿದ್ದು ಕಾಳುಮೆಣಸು. ಇದು ಸಣ್ಣ ಬೆಳೆಗಾರರಾದ ನಮಗೆಲ್ಲ ತಿಳಿದ ವಿಷಯವೇ. ಅಂಥ ಬಳ್ಳಿಗೆ ತಗಲುವ ಕುಬ್ಜ ರೋಗದ ವಿಚಾರದಲ್ಲಿ ನಾವು ಒಂದು ತಪ್ಪನ್ನು ಮತ್ತೆ ಮತ್ತೆ ಮಾಡುತ್ತಿದ್ದೇವೆಂದು ಹೇಳದೆ ವಿಧಿಯಿಲ್ಲ.

ರೋಗದ ಗುರುತು ಅನೇಕರಿಗೆ ಪರಿಚಿತ. ಎಲೆ ಸಣ್ಣದಾಗಿ, ಮುದುಡಿ, ಹಳದಿ ಮಚ್ಚೆ ಕಾಣುತ್ತದೆ. ಗೆಣ್ಣುಗಳ ನಡುವಿನ ಅಂತರ ಕುಗ್ಗಿ ಬಳ್ಳಿ ಗಿಡ್ಡವಾಗುತ್ತದೆ. ಗೊಂಚಲು ಮೋಟಾಗಿ ಕಾಳು ಸರಿಯಾಗಿ ಕಟ್ಟುವುದಿಲ್ಲ. ಬಳ್ಳಿ ಕೂಡಲೇ ಸಾಯುವುದಿಲ್ಲ, ಆದರೆ ವರ್ಷದಿಂದ ವರ್ಷಕ್ಕೆ ಫಸಲು ಇಳಿಯುತ್ತದೆ. ಇದನ್ನು ಕಂಡ ಬೆಳೆಗಾರರು ಮೊದಲು ಕೇಳುವ ಪ್ರಶ್ನೆ, ‘ಯಾವ ಔಷಧಿ ಹೊಡೆಯಬೇಕು?’ ಎಂಬುದು. ಹೊಡೆದು ವಾಸಿಮಾಡುವ ಔಷಧಿ ಯಾವುದೂ ಇಲ್ಲ ಎಂಬುದೇ ಉತ್ತರ. ಏಕೆ ಇಲ್ಲ ಎಂಬುದನ್ನು ತಿಳಿದುಕೊಂಡರೆ, ಮಾಡತಕ್ಕ ಕೆಲಸ ಯಾವುದೆಂಬುದೂ ತಾನಾಗಿ ತಿಳಿಯುತ್ತದೆ.

ಈ ರೋಗದಲ್ಲಿ ಎರಡು ವೈರಸ್‌ಗಳ ಪಾತ್ರವಿದೆ. ಒಂದು ಹಿಟ್ಟು ತಿಗಣೆಯಿಂದ ಹರಡುವ ಡಿಎನ್‌ಎ ವೈರಸ್. ಇನ್ನೊಂದು ಸಸ್ಯಹೇನಿನಿಂದ ಹರಡುವ ಸೌತೆ ಮೊಸಾಯಿಕ್ ವೈರಸ್. 1916ರಲ್ಲಿ ಅಮೆರಿಕದ ಸೌತೆ ಬಳ್ಳಿಗಳಲ್ಲಿ ಇದರ ರೋಗ ಮೊದಲು ವರದಿಯಾದ್ದರಿಂದ ಆ ಹೆಸರು ಬಂತು. ಸಾವಿರಕ್ಕೂ ಹೆಚ್ಚು ಜಾತಿಯ ಸಸ್ಯಗಳಿಗೆ ಇದು ತಗಲಬಲ್ಲದು. ಇದು ಆರ್‌ಎನ್‌ಎ ವೈರಸ್. ಇಲ್ಲಿ ಇದರ ಕೆಲಸವನ್ನೇ ನೋಡೋಣ.

ನಮ್ಮ ಸಂಘದ ಕಚೇರಿಯನ್ನು ಕಣ್ಣಮುಂದೆ ತಂದುಕೊಳ್ಳಿ. ಮೂಲ ಕಡತ ಬೀರುವಿನಲ್ಲಿರುತ್ತದೆ. ಅದನ್ನು ನೋಡಿ ಚೀಟಿ ಬರೆದು ಗೋದಾಮಿಗೆ ಕಳಿಸುತ್ತಾರೆ; ಗೋದಾಮಿನವನು ಚೀಟಿಯಲ್ಲಿದ್ದಂತೆ ಸಾಮಾನು ಕೊಡುತ್ತಾನೆ. ಜೀವಕೋಶದಲ್ಲಿ ಡಿಎನ್‌ಎ ಎಂಬುದು ಕಡತ, ಆರ್‌ಎನ್‌ಎ ಎಂಬುದು ಚೀಟಿ, ಚೀಟಿಯನ್ನೋದಿ ಪ್ರೋಟೀನು ತಯಾರಿಸುವ ರೈಬೋಸೋಮ್ ಎಂಬುದು ಗೋದಾಮಿನವನು. ವೈರಸ್ ತರುವುದು ಒಂದು ಕಳ್ಳ ಚೀಟಿ. ಬರೆದವರು ಯಾರೆಂದು ಗೋದಾಮಿನವನು ವಿಚಾರಿಸುವುದಿಲ್ಲ. ಚೀಟಿಯೊಂದೇ ಸಾಕೆಂಬುದನ್ನು 1956ರಲ್ಲಿ ಜರ್ಮನಿಯಲ್ಲಿ ಗೀರರ್ ಮತ್ತು ಶ್ರಾಮ್ ತೋರಿಸಿಕೊಟ್ಟರು. ತಂಬಾಕಿನ ಮೊಸಾಯಿಕ್ ವೈರಸ್ಸಿನ ಪ್ರೋಟೀನು ಹೊದಿಕೆಯನ್ನು ತೆಗೆದು, ಬರಿಯ ಆರ್‌ಎನ್‌ಎಯನ್ನು ಎಲೆಗೆ ತಿಕ್ಕಿದರೂ ರೋಗ ಬಂತು.

ಸೌತೆ ಮೊಸಾಯಿಕ್ ವೈರಸ್ಸಿನ ಚೀಟಿ ಮೂರು ಎಳೆಗಳಲ್ಲಿದೆ. ಒಟ್ಟು ಸುಮಾರು 8,600 ಅಕ್ಷರಗಳು. ಅದರಲ್ಲಿ ಮೊದಲು ಬರೆದಿರುವುದು, ಈ ಚೀಟಿಯನ್ನೇ ನಕಲು ಮಾಡುವ ಪ್ರೋಟೀನುಗಳನ್ನು ತಯಾರಿಸಿಕೊಡು ಎಂಬ ಅಪ್ಪಣೆ. ಬಳ್ಳಿಯ ಕೋಶವೇ ಅವನ್ನು ತಯಾರಿಸಿಕೊಡುತ್ತದೆ. ಅವು ಕೋಶದೊಳಗಿನ ರಸದ ಚೀಲದ ಪೊರೆಗೆ ಅಂಟಿಕೊಂಡು, ಬಳ್ಳಿಯದೇ ಕೆಲವು ಪ್ರೋಟೀನುಗಳನ್ನು ಜೊತೆಗೆ ಸೇರಿಸಿಕೊಂಡು ಕೆಲಸ ಆರಂಭಿಸುತ್ತವೆ. ಮೊದಲು ಮೂಲ ಎಳೆಗೆ ಎದುರಾದ ಒಂದು ತಿರುವು ಎಳೆಯನ್ನು ಮಾಡುತ್ತವೆ. ಇದು ಬೆಲ್ಲದ ಅಚ್ಚಿದ್ದಂತೆ. ಬಳಿಕ ಆ ಅಚ್ಚಿನಿಂದ ಮೂಲ ಎಳೆಗಳನ್ನು ಒಂದರ ಮೇಲೊಂದರಂತೆ ತೆಗೆಯುತ್ತವೆ. ಅಚ್ಚು ಕೆಲವೇ, ಪ್ರತಿಗಳು ಅನೇಕ. ಬರೆದದ್ದನ್ನು ತಾಳೆ ನೋಡುವ ಪದ್ಧತಿ ಇಲ್ಲಿಲ್ಲವಾದ್ದರಿಂದ ತಪ್ಪುಗಳು ನುಸುಳುತ್ತವೆ, ಆ ತಪ್ಪುಗಳಿಂದಲೇ ಹೊಸ ತಳಿಗಳು ಹುಟ್ಟುತ್ತವೆ.

ಬಳ್ಳಿ ಸುಮ್ಮನಿರುವುದಿಲ್ಲ. ಎರಡೆಳೆ ಕೂಡಿದ ಆರ್‌ಎನ್‌ಎ ಕಂಡರೆ ಅದನ್ನು ತುಂಡರಿಸುವ ಕಾವಲು ಅದಕ್ಕಿದೆ. ಆದರೆ ಆ ಕಾವಲನ್ನು ತಡೆಯುವ ಪ್ರೋಟೀನು ಕೂಡ ಕಳ್ಳ ಚೀಟಿಯಲ್ಲೇ ಬರೆದಿದೆ. ಹೀಗೆ ಹೆಚ್ಚಿದ ವೈರಸ್ ಕೋಶದಿಂದ ಕೋಶಕ್ಕೆ ದಾಟಿ, ಆಹಾರ ಸಾಗುವ ನಾಳಗಳನ್ನು ಹಿಡಿದು ಬಳ್ಳಿಯ ತುದಿಯವರೆಗೂ ಹೋಗುತ್ತದೆ.

ಈಗ ಔಷಧಿಯ ಮಾತಿಗೆ ಬರೋಣ. ಕೊಳೆರೋಗಕ್ಕೆ ಬೋರ್ಡೋ ಹೊಡೆದರೆ ಗೊನೆಯ ಮೇಲೆ ಬಿದ್ದ ರೋಗಾಣು ಒಳಹೊಗುವ ಮೊದಲೇ ಸಾಯುತ್ತದೆ. ಅದು ತನ್ನದೇ ದೇಹವುಳ್ಳ ಬೇರೆ ಜೀವಿ. ವೈರಸ್ ಹಾಗಲ್ಲ. ಅದು ಬಳ್ಳಿಯ ಕೋಶದೊಳಗೆ, ಬಳ್ಳಿಯ ಸಾಮಗ್ರಿಯಿಂದಲೇ ತಯಾರಾಗುತ್ತದೆ. ಮೈಲುತುತ್ತ ಅಲ್ಲಿಗೆ ಮುಟ್ಟದು. ಪೋಷಕಾಂಶ ಕೊಟ್ಟಾಗ ಬಳ್ಳಿ ಚೇತರಿಸಿದಂತೆ ಕಂಡರೂ ವೈರಸ್ ಹೋಗಿರುವುದಿಲ್ಲ. ಕೀಟನಾಶಕವನ್ನೂ ಪೂರ್ತಿ ನಂಬುವಂತಿಲ್ಲ. ಹೇನು ಈ ವೈರಸ್ಸನ್ನು ಕೆಲವೇ ನಿಮಿಷಗಳೊಳಗೆ ಎತ್ತಿಕೊಂಡು, ಅಷ್ಟೇ ಬೇಗ ಪಕ್ಕದ ಬಳ್ಳಿಗೆ ದಾಟಿಸಬಲ್ಲದು. ಔಷಧಿಯಿಂದ ಅದು ಸಾಯುವ ಹೊತ್ತಿಗೆ ಕೆಲಸ ಮುಗಿದಿರುತ್ತದೆ.

ಆದರೆ ತೋಟದಿಂದ ತೋಟಕ್ಕೆ, ಊರಿಂದ ಊರಿಗೆ ಇದನ್ನು ಒಯ್ಯುವವರು ಮುಖ್ಯವಾಗಿ ನಾವೇ. ಮೆಣಸನ್ನು ನಾವು ಕಡ್ಡಿಯಿಂದ ಬೆಳೆಸುತ್ತೇವೆ. ತಾಯಿಬಳ್ಳಿಯಲ್ಲಿ ವೈರಸ್ ಇದ್ದರೆ ಕಡ್ಡಿಯಲ್ಲೂ ಇರುತ್ತದೆ. ಸೀಳಿದ ಬಿದಿರಿನಲ್ಲಿ ಬಳ್ಳಿ ಹಬ್ಬಿಸುವ ವಿಧಾನದಲ್ಲಿ ಒಂದು ಕಡ್ಡಿಯಿಂದ ವರ್ಷಕ್ಕೆ ಸುಮಾರು 40 ಸಸಿ ಪಡೆಯಬಹುದು. ತಾಯಿ ರೋಗಿಯಾದರೆ ನಲವತ್ತೂ ರೋಗದ ಸಸಿಗಳೇ. ಕೋಶದೊಳಗೆ ವೈರಸ್ ಮಾಡುವ ಕೆಲಸವನ್ನು ಸಸಿಮಡಿಯಲ್ಲಿ ನಾವು ಮುಂದುವರಿಸಿದಂತಾಯಿತು.

ಫಸಲು ಕೊಡುವ ಬಳ್ಳಿಯನ್ನು ಕೀಳುವ ಮನಸ್ಸು ಯಾರಿಗೆ ಬರುತ್ತದೆ ಎಂದು ಕೆಲವರು ಕೇಳುತ್ತಾರೆ. ನ್ಯಾಯವಾದ ಮಾತು. ಹತ್ತು ಬಳ್ಳಿ ಕಿತ್ತರೆ ದೊಡ್ಡ ಎಸ್ಟೇಟಿಗೆ ಏನೂ ಆಗದು, ನಮಗೆ ಆಗುತ್ತದೆ. ತೀರ ಕುಗ್ಗಿದ ಬಳ್ಳಿಯನ್ನು ಕಿತ್ತು ಸುಡುವುದೇ ಲೇಸು. ಅಲ್ಪಸ್ವಲ್ಪ ಲಕ್ಷಣವುಳ್ಳದ್ದನ್ನು ಕೀಳಲಾಗದಿದ್ದರೆ ಅದಕ್ಕೆ ಸುಣ್ಣದ ಗುರುತು ಹಾಕಿಡೋಣ. ಅದರಿಂದ ಒಂದು ಕಡ್ಡಿಯನ್ನೂ ತೆಗೆಯುವುದು ಬೇಡ, ನೆಂಟರು ಕೇಳಿದರೂ ಕೊಡುವುದು ಬೇಡ. ಏಲಕ್ಕಿ ಬೆಳೆದವರಿಗೆ ಕಟ್ಟೆ ರೋಗದ ನೆನಪಿರಬೇಕು. ಅದೂ ಆರ್‌ಎನ್‌ಎ ವೈರಸ್ಸೇ, ಹೇನಿನಿಂದ ಹರಡುವಂಥದೇ. ರೋಗದ ಗಿಡವನ್ನು ಬುಡಸಮೇತ ಕಿತ್ತು ಶುದ್ಧ ಸಸಿ ನೆಡುವುದೇ ಅಲ್ಲಿಯೂ ದಾರಿ.

ಕಣ್ಣಳತೆಯೊಂದೇ ಸಾಲದು. ಲಕ್ಷಣ ಕಾಣದ ಬಳ್ಳಿಗಳಲ್ಲೂ ವೈರಸ್ ಇರುವುದು ಪರೀಕ್ಷೆಗಳಲ್ಲಿ ಕಂಡುಬಂದಿದೆ. ಅದನ್ನು ಪತ್ತೆಮಾಡುವ ವಿಧಾನಗಳನ್ನು ಕಲ್ಲಿಕೋಟೆಯ ಭಾರತೀಯ ಸಾಂಬಾರ ಬೆಳೆಗಳ ಸಂಶೋಧನಾ ಸಂಸ್ಥೆಯು ರೂಪಿಸಿದೆ. ಒಬ್ಬೊಬ್ಬ ಬೆಳೆಗಾರನು ಎಲೆ ಕಳಿಸಿ ಪರೀಕ್ಷೆ ಮಾಡಿಸುವುದು ಕಷ್ಟ. ಸಂಘಕ್ಕೆ ಅದು ಸಾಧ್ಯ. ಆದ್ದರಿಂದ ಸಂಘವು ತನ್ನದೇ ಒಂದು ತಾಯಿಬಳ್ಳಿಯ ತಾಕು ಮಾಡಬೇಕು, ಪ್ರತಿ ತಾಯಿಬಳ್ಳಿಯನ್ನೂ ಪರೀಕ್ಷೆ ಮಾಡಿಸಬೇಕು, ಆ ಬಳ್ಳಿಗಳ ಸಸಿಯನ್ನು ಮಾತ್ರ ಸದಸ್ಯರಿಗೆ ಕೊಡಬೇಕು ಎಂಬುದು ನಮ್ಮ ಅಭಿಪ್ರಾಯ. ಸಸಿಗೆ ಕೆಲವು ರೂಪಾಯಿ ಹೆಚ್ಚಾದೀತು. ಆ ಹೆಚ್ಚಳವನ್ನು ಒಪ್ಪುವುದು ಸದಸ್ಯರ ಹೊಣೆ. ಇಪ್ಪತ್ತು ವರ್ಷ ಫಲ ಕೊಡಬೇಕಾದ ಬಳ್ಳಿಯ ಲೆಕ್ಕದಲ್ಲಿ ಅದು ದೊಡ್ಡ ಮೊತ್ತವಲ್ಲ.

ಬರುವ ಸರ್ವಸದಸ್ಯರ ಸಭೆಯಲ್ಲಿ ಈ ವಿಷಯ ಚರ್ಚೆಗೆ ಬರಲಿ. ಅಲ್ಲಿಯವರೆಗೆ, ಈ ಸಲ ಕಡ್ಡಿ ಕತ್ತರಿಸುವ ಮೊದಲು ತಾಯಿಬಳ್ಳಿಯನ್ನು ಬುಡದಿಂದ ತುದಿಯವರೆಗೆ ಒಮ್ಮೆ ಸರಿಯಾಗಿ ನೋಡೋಣ.