ಕೀ ಕೊಟ್ಟವನೂ ಹೊಣೆಗಾರನೇ

ಕೊಯ್ಲಿನ ಕಾಲ ಬಂತೆಂದರೆ ಮಲೆನಾಡಿನ ರಸ್ತೆಗಳಿಗೆ ಬಿಡುವಿಲ್ಲ. ಅಡಿಕೆ ಕೊನೆ ಇಳಿಸುತ್ತಿರುವಾಗಲೇ ಅರೇಬಿಕಾ ಹಣ್ಣಾಗುತ್ತದೆ. ಅದು ಮುಗಿಯುವಷ್ಟರಲ್ಲಿ ರೊಬಸ್ಟಾ ಸರದಿ. ಆಳುಗಳನ್ನು ಕರೆತರುವ ಜೀಪು, ಹಸಿ ಅಡಿಕೆ ಹೇರಿದ ಪಿಕಪ್, ಕ್ಯೂರಿಂಗ್ ವರ್ಕ್ಸಿಗೆ ಹೊರಟ ಲಾರಿ, ಮದುವೆ ಮನೆಯಿಂದ ತಡವಾಗಿ ಹಿಂದಿರುಗುವ ಕಾರು, ಎಲ್ಲವೂ ಅದೇ ಕಿರಿದಾದ ತಿರುವು ರಸ್ತೆಯಲ್ಲಿ, ಅದೇ ಮಂಜಿನಲ್ಲಿ ಓಡಬೇಕು. ಈ ಓಡಾಟದ ನಡುವೆ ನಾವು ಕಂಡೂ ಕಾಣದಂತಿರುವ ಸಂಗತಿ ಒಂದಿದೆ. ಸ್ಟಿಯರಿಂಗ್ ಹಿಡಿದ ಎಷ್ಟೋ ಮಂದಿ ಕುಡಿದಿರುತ್ತಾರೆ.

ಅಪಘಾತವಾದಾಗ ಚಾಲಕನನ್ನು ಬೈಯುತ್ತೇವೆ. ಆಮೇಲೆ ಪೊಲೀಸರನ್ನು ಬೈಯುತ್ತೇವೆ. ಆ ರಾತ್ರಿ ಅವನಿಗೆ ವಾಹನ ಕೊಟ್ಟು ಕಳಿಸಿದವರು ಯಾರು ಎಂದು ಕೇಳುವವರು ಕಡಿಮೆ. ಕಾನೂನು ಮಾತ್ರ ಆ ಪ್ರಶ್ನೆಯನ್ನು ಕೇಳುತ್ತದೆ. ಸದಸ್ಯ ಬಾಂಧವರಲ್ಲಿ ಅನೇಕರಿಗೆ ಇದರ ಅರಿವಿಲ್ಲದ ಕಾರಣ ನಾಲ್ಕು ಮಾತು ಬರೆಯುವುದು ಅಗತ್ಯವೆನಿಸಿದೆ.

ಮೊದಲು ಶಿಕ್ಷೆಯ ವಿಚಾರ. 1988ರ ಮೋಟಾರು ವಾಹನ ಕಾಯಿದೆಯ 185ನೇ ಕಲಮಿನ ಪ್ರಕಾರ 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂಗಿಂತ ಹೆಚ್ಚು ಮದ್ಯಸಾರವಿರುವವನು ವಾಹನ ಓಡಿಸುವುದು ಅಪರಾಧ. ಓಡಿಸುವುದಷ್ಟೇ ಅಲ್ಲ, ಓಡಿಸಲು ಪ್ರಯತ್ನಿಸುವುದೂ ಅಪರಾಧವೇ. ಮೊದಲ ಸಲಕ್ಕೆ 6 ತಿಂಗಳವರೆಗೆ ಸೆರೆಮನೆ, ಅಥವಾ ದಂಡ, ಅಥವಾ ಎರಡೂ. ಈ ದಂಡ ಹಿಂದೆ ಹೆಚ್ಚೆಂದರೆ 2,000 ರೂಪಾಯಿ ಇತ್ತು. 2019ರ ಸೆಪ್ಟೆಂಬರಿನಿಂದ 10,000 ರೂಪಾಯಿ ಆಗಿದೆ. ಅದೇ ತಪ್ಪನ್ನು ಮತ್ತೆ ಮಾಡಿದವನಿಗೆ 2 ವರ್ಷಗಳವರೆಗೆ ಸೆರೆ, ಅಥವಾ 15,000 ರೂಪಾಯಿ ದಂಡ, ಅಥವಾ ಎರಡೂ. ಆ ವರ್ಷ ಜನರ ಗೊಣಗಾಟ ಕೇಳಿ ಕರ್ನಾಟಕ ಸರಕಾರ ಹೆಲ್ಮೆಟ್, ಸೀಟ್ ಬೆಲ್ಟ್ ಮುಂತಾದ ತಪ್ಪುಗಳ ದಂಡವನ್ನು ಇಳಿಸಿತು. ಕುಡಿದು ಓಡಿಸುವುದರ ದಂಡವನ್ನು ಮಾತ್ರ ಇಳಿಸಲಿಲ್ಲ.

ಅದಕ್ಕೆ ಕಾರಣವೂ ಉಂಟು. ಹೆಲ್ಮೆಟ್ ಇಲ್ಲದ್ದಕ್ಕೆ ರಸ್ತೆಯಲ್ಲೇ ದಂಡ ಕಟ್ಟಿ ರಶೀದಿ ಪಡೆದು ಹೋಗಬಹುದು. 185ನೇ ಕಲಮಿಗೆ ಆ ಸೌಕರ್ಯವಿಲ್ಲ. ಸ್ಥಳದಲ್ಲೇ ಇತ್ಯರ್ಥಪಡಿಸಬಹುದಾದ ಅಪರಾಧಗಳ ಪಟ್ಟಿಯಲ್ಲಿ ಅದು ಸೇರಿಲ್ಲ. ನ್ಯಾಯಾಲಯಕ್ಕೆ ಹೋಗಲೇಬೇಕು. "ಅಲ್ಲೇ ಏನೋ ಕೊಟ್ಟು ಮುಗಿಸಿದೆ" ಎಂದು ಯಾರಾದರೂ ಹೇಳಿಕೊಂಡರೆ ಅವರು ಕೊಟ್ಟದ್ದು ದಂಡವಲ್ಲ, ಲಂಚ. ಉಸಿರು ಪರೀಕ್ಷೆಗೆ ಒಪ್ಪದೆ ತಪ್ಪಿಸಿಕೊಳ್ಳಬಹುದೆಂಬ ಎಣಿಕೆಯೂ ಸರಿಯಲ್ಲ. ತಕ್ಕ ಕಾರಣವಿಲ್ಲದೆ ನಿರಾಕರಿಸಿದರೆ ಆ ನಿರಾಕರಣೆಯನ್ನೇ ಅವನ ವಿರುದ್ಧ ಪರಿಗಣಿಸಲು ಕಾಯಿದೆಯಲ್ಲಿ ಅವಕಾಶವಿದೆ. ಇದರ ಮೇಲೆ ಲೈಸೆನ್ಸ್ ಪ್ರಶ್ನೆ ಬೇರೆ. ಸುಪ್ರೀಂ ಕೋರ್ಟು ನೇಮಿಸಿದ ರಸ್ತೆ ಸುರಕ್ಷತಾ ಸಮಿತಿಯು 2015ರಲ್ಲಿ, ಕುಡಿದು ಓಡಿಸಿದವರ ಲೈಸೆನ್ಸನ್ನು ಕನಿಷ್ಠ 3 ತಿಂಗಳು ಅಮಾನತಿನಲ್ಲಿಡುವಂತೆ ಎಲ್ಲ ರಾಜ್ಯಗಳಿಗೂ ತಿಳಿಸಿತು. ಸರಕು ವಾಹನದಲ್ಲಿ ಜನರನ್ನು ತುಂಬಿಕೊಂಡು ಹೋಗುವುದೂ ಅದೇ ಪಟ್ಟಿಯಲ್ಲಿದೆ. ಪಿಕಪ್ಪಿನ ಹಿಂದೆ ಆಳುಗಳನ್ನು ನಿಲ್ಲಿಸಿ ಕಳಿಸುವ ನಾವು ಈ ಮಾತನ್ನು ಗಮನಿಸಬೇಕು.

ಈಗ ಮಾಲೀಕರ ವಿಚಾರ. ಅದೇ ಕಾಯಿದೆಯ 188ನೇ ಕಲಂ ಬಹಳ ಚಿಕ್ಕದು. ಕುಡಿದು ವಾಹನ ಓಡಿಸುವುದಕ್ಕೆ ಕುಮ್ಮಕ್ಕು ಕೊಟ್ಟವನಿಗೂ ಓಡಿಸಿದವನಿಗೆ ಇರುವ ಶಿಕ್ಷೆಯೇ ಎಂದು ಅದು ಹೇಳುತ್ತದೆ. ಬಟವಾಡೆಯ ಸಂಜೆ ಚಾಲಕನಿಗೆ ಕೈಯಾರೆ ಕ್ವಾರ್ಟರ್ ಕೊಡಿಸಿ, "ಹೋಗಿ ಆಳುಗಳನ್ನು ಬಿಟ್ಟು ಬಾ" ಎಂದು ಜೀಪಿನ ಕೀ ಕೊಡುವ ಧಣಿ, ಅಥವಾ ಧಣಿಯ ಪರವಾಗಿ ಕೊಡುವ ರೈಟರು, ಈ ಕಲಮಿನ ಅಂಚಿನಲ್ಲಿ ನಿಂತಿದ್ದಾನೆ. ಅವನು ಕುಡಿದಿದ್ದಾನೆಂದು ಗೊತ್ತಿದ್ದೂ ಕಳಿಸಿದರೆ "ನಾನು ಓಡಿಸಲಿಲ್ಲವಲ್ಲ" ಎನ್ನುವ ಮಾತು ರಕ್ಷಣೆಯಾಗದು.

ವಿಮೆ ಇದೆಯಲ್ಲ ಎಂದು ಧೈರ್ಯದಿಂದಿರುವವರೂ ಉಂಟು. ದೆಹಲಿಯ ಒಂದು ಕಂಪೆನಿಗೆ ಸೇರಿದ ಬಹು ಬೆಲೆಬಾಳುವ ಕಾರು 2007ರಲ್ಲಿ ಇಂಡಿಯಾ ಗೇಟ್ ಬಳಿ ಅಪಘಾತಕ್ಕೀಡಾಗಿ ಸುಟ್ಟುಹೋಯಿತು. ಚಾಲಕ ಕುಡಿದಿದ್ದನೆಂದು ವಿಮಾ ಸಂಸ್ಥೆ ಹಣ ನಿರಾಕರಿಸಿತು. ಪ್ರಕರಣ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಉಸಿರು ಅಥವಾ ರಕ್ತ ಪರೀಕ್ಷೆಯ ಅಂಕಿ ಇಲ್ಲದಿದ್ದರೂ ಇತರ ಸಾಕ್ಷ್ಯದಿಂದ ಅಮಲನ್ನು ಸಾಬೀತುಪಡಿಸಬಹುದೆಂದು ನ್ಯಾಯಾಲಯವು 2021ರ ಏಪ್ರಿಲ್‌ನಲ್ಲಿ ವಿಮಾ ಸಂಸ್ಥೆಯ ಪರ ತೀರ್ಪಿತ್ತಿತು. ಅದು ಸ್ವಂತ ವಾಹನದ ನಷ್ಟದ ಮಾತಾಯಿತು. ದಾರಿಹೋಕನಿಗೆ ಪೆಟ್ಟಾದ ಸಂದರ್ಭದಲ್ಲೂ, ಕುಡಿದು ಓಡಿಸಿದ್ದನ್ನು ತನ್ನ ರಕ್ಷಣೆಗೆ ಮುಂದಿಡಲು ತಿದ್ದುಪಡಿಯಾದ ಕಾಯಿದೆಯ 150ನೇ ಕಲಂ ವಿಮಾ ಸಂಸ್ಥೆಗೆ ಅವಕಾಶ ಕೊಟ್ಟಿದೆ. ವಿಮಾ ಸಂಸ್ಥೆ ಮೊದಲು ಪರಿಹಾರ ಕೊಟ್ಟು ಆಮೇಲೆ ಮಾಲೀಕನಿಂದ ವಸೂಲು ಮಾಡಿಕೊಳ್ಳಲಿ ಎಂದು ನ್ಯಾಯಾಲಯಗಳು ಆದೇಶಿಸಿದ್ದುಂಟು. ಐದಾರು ಎಕರೆಯ ಬೆಳೆಗಾರನಿಗೆ ಅಂಥ ವಸೂಲಿ ಬಂದರೆ ತೋಟವೇ ಮಾರಬೇಕಾದೀತು.

ಜೀವ ಹೋದರೆ? 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ನಿರ್ಲಕ್ಷ್ಯದಿಂದಾದ ಸಾವಿಗೆ 5 ವರ್ಷಗಳವರೆಗೆ ಶಿಕ್ಷೆಯಿದೆ. ಹಳೆಯ ದಂಡಸಂಹಿತೆಯಲ್ಲಿ ಅದು 2 ವರ್ಷವಿತ್ತು. ಅಮಲಿನಲ್ಲಿ ಓಡಿಸಿದ್ದನ್ನು ಬರೀ ನಿರ್ಲಕ್ಷ್ಯವೆಂದು ಬಿಡಬೇಕಾಗಿಯೂ ಇಲ್ಲ. ಮುಂಬಯಿಯಲ್ಲಿ 2006ರ ನವೆಂಬರಿನ ಒಂದು ನಸುಕಿನಲ್ಲಿ, ರಸ್ತೆಬದಿ ಮಲಗಿದ್ದ ಕೂಲಿಕಾರರ ಮೇಲೆ ಕಾರು ಹರಿದು 7 ಮಂದಿ ಸತ್ತರು. ಕೆಳ ನ್ಯಾಯಾಲಯ 6 ತಿಂಗಳ ಶಿಕ್ಷೆ ಕೊಟ್ಟಿತ್ತು. ಹೈಕೋರ್ಟು ಅದನ್ನು ಕೊಲೆಯಲ್ಲದ ನರಹತ್ಯೆಯೆಂದು ತೀರ್ಮಾನಿಸಿ 3 ವರ್ಷಕ್ಕೆ ಏರಿಸಿತು. 2012ರಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ಸತ್ತವರು ನಮ್ಮ ಲೈನ್ ಮನೆಗಳಲ್ಲಿರುವಂಥ ಜನ. ಹೊಟ್ಟೆಪಾಡಿಗೆ ಊರು ಬಿಟ್ಟು ಬಂದ ಆಳುಗಳು ನಮ್ಮ ಜೀಪಿನಲ್ಲಿ ಕೂರುವಾಗ ಚಾಲಕನ ಬಾಯಿ ಮೂಸಿ ನೋಡಿ ಹತ್ತುವ ಸ್ವಾತಂತ್ರ್ಯ ಅವರಿಗಿಲ್ಲ. ಅವರ ಪರವಾಗಿ ಆ ಕೆಲಸ ಮಾಡಬೇಕಾದವರು ನಾವು.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನೂ ಹೋಗಲಾಡಿಸಬೇಕು. ಮಜ್ಜಿಗೆ ಕುಡಿದರೆ, ತಣ್ಣೀರು ಸುರಿದುಕೊಂಡರೆ, ಗಟ್ಟಿ ಕಾಫಿ ಕುಡಿದರೆ ಅಮಲು ಇಳಿಯುತ್ತದೆಂಬ ನಂಬಿಕೆ ಬಲವಾಗಿದೆ. ಕಾಫಿ ಬೆಳೆಯುವ ನಾವೇ ಹೇಳಬೇಕಾಗಿದೆ, ಕಾಫಿಗೆ ಆ ಗುಣವಿಲ್ಲ. ಅದು ನಿದ್ದೆಯನ್ನು ಓಡಿಸೀತು, ರಕ್ತದ ಮದ್ಯಸಾರವನ್ನು ಓಡಿಸದು. ಯಕೃತ್ತು ತನ್ನ ಪಾಡಿಗೆ ತಾನು ಗಂಟೆಗೆ ಸುಮಾರು 15ರಿಂದ 20 ಮಿಲಿಗ್ರಾಂನಂತೆ ಇಳಿಸುತ್ತದೆ. ನಡುರಾತ್ರಿಗೆ 150 ಮಿಲಿಗ್ರಾಂ ಇದ್ದವನಿಗೆ ಗಂಟೆಗೆ 15ರಂತೆ ಇಳಿದರೂ ಬೆಳಗಿನ 6 ಗಂಟೆಗೆ ಇನ್ನೂ 60 ಉಳಿದಿರುತ್ತದೆ. ಅಂದರೆ ಮಿತಿಯ ಎರಡರಷ್ಟು. ಸಂತೆಯ ಮರುದಿನ ಮುಂಜಾನೆ ಆಳು ತರಲು ಹೊರಟ ಜೀಪು, ಹಿಂದಿನ ರಾತ್ರಿಯ ಜೀಪಿನಷ್ಟೇ ಅಪಾಯಕಾರಿಯಾಗಿರಬಹುದು.

ಕಾಯಿದೆ ಇಷ್ಟು ಬಿಗಿಯಾಗಿದ್ದೂ ನಮ್ಮ ಕಡೆ ಭಯವೇಕಿಲ್ಲ? ಉಸಿರು ಪರೀಕ್ಷೆಯ ಯಂತ್ರ ಪಟ್ಟಣದ ವೃತ್ತದಲ್ಲಿ, ಹೆದ್ದಾರಿಯಲ್ಲಿ ಕಾಣುತ್ತದೆ. ಎಸ್ಟೇಟ್ ದಾರಿಗೆ ಅದು ಬರುವುದಿಲ್ಲ. ದಂಡದ ಮೊತ್ತ ಎಷ್ಟು ದೊಡ್ಡದಾದರೇನು, ಸಿಕ್ಕಿಬೀಳುವ ಸಂಭವವೇ ಇಲ್ಲದ ಕಡೆ ಅದು ಕಾಗದದ ಹುಲಿ. ಸರಕಾರದ ಮನಸ್ಸೂ ಎರಡಾಗಿದೆ. 2025-26ರ ಮುಂಗಡಪತ್ರದಲ್ಲಿ ಅಬಕಾರಿಯಿಂದ 40,000 ಕೋಟಿ ರೂಪಾಯಿ ಎತ್ತುವ ಗುರಿಯಿಟ್ಟುಕೊಂಡ ಸರಕಾರವೇ ಕುಡಿದು ಓಡಿಸಬೇಡಿರೆಂದು ಫಲಕ ನಿಲ್ಲಿಸುತ್ತದೆ. ಹೆದ್ದಾರಿಯಿಂದ 500 ಮೀಟರ್ ಒಳಗೆ ಮದ್ಯದಂಗಡಿ ಬೇಡವೆಂದು ಸುಪ್ರೀಂ ಕೋರ್ಟು 2016ರ ಡಿಸೆಂಬರಿನಲ್ಲಿ ಆದೇಶಿಸಿತು. 2017ರ ಮಾರ್ಚ್ ಕೊನೆಗೆ 20,000 ಜನಸಂಖ್ಯೆ ಮೀರದ ಊರುಗಳಿಗೆ ಅದನ್ನು 220 ಮೀಟರಿಗೆ ಇಳಿಸಲಾಯಿತು. ನಮ್ಮ ಸಣ್ಣ ಪೇಟೆಗಳಲ್ಲಿ ಹಲವು ಈ ರಿಯಾಯಿತಿಗೆ ಸೇರಿದವು. ಹೆಚ್ಚು ದಂಡ ಕೇಳುವುದಕ್ಕಿಂತ, ಕೊಯ್ಲಿನ ತಿಂಗಳುಗಳಲ್ಲಿ ಸಂತೆಯ ಸಂಜೆ ಮತ್ತು ಮುಂಜಾನೆ ನಮ್ಮ ಒಳರಸ್ತೆಗಳಲ್ಲೂ ತಪಾಸಣೆ ನಡೆಸಿರೆಂದು ಸಂಘವು ಜಿಲ್ಲಾ ಪೊಲೀಸರನ್ನು ಕೇಳುವುದು ಹೆಚ್ಚು ಫಲಕಾರಿ.

"ಆಳು ಸಿಗುವುದೇ ಕಷ್ಟ, ಎಣ್ಣೆ ಕೊಡಿಸದಿದ್ದರೆ ಪಕ್ಕದ ತೋಟಕ್ಕೆ ಹೋಗುತ್ತಾರೆ" ಎಂಬ ಆಕ್ಷೇಪ ಬಂದೇ ಬರುತ್ತದೆ. ಅದರಲ್ಲಿ ಸತ್ಯವಿಲ್ಲದಿಲ್ಲ. ಕೊನೆ ಕೊಯ್ಯುವವರು ಈಗ ಬೆರಳೆಣಿಕೆಯಷ್ಟು. ಒಬ್ಬನೇ ಬೆಳೆಗಾರ ಈ ಪದ್ಧತಿ ಬಿಟ್ಟರೆ ಅವನ ತೋಟವೇ ನಿಲ್ಲುತ್ತದೆ, ನಿಜ. ಪಕ್ಕದ ತೋಟದವನೂ ನಮ್ಮ ಸಂಘದ ಸದಸ್ಯನೇ ಅಲ್ಲವೇ? ಒಬ್ಬರಿಂದಾಗದ್ದನ್ನು ಎಲ್ಲರೂ ಸೇರಿ ಮಾಡಲೆಂದೇ ಸಹಕಾರ ಸಂಘ ಇರುವುದು. ಗೊಬ್ಬರಕ್ಕೆ, ಸಾಲಕ್ಕೆ, ಮಾರಾಟಕ್ಕೆ ಒಂದಾಗುವ ನಾವು ಇದಕ್ಕೂ ಒಂದಾಗಬಹುದು.

ಮುಂದಿನ ಮಹಾಸಭೆ ಪರಿಶೀಲಿಸಲೆಂದು ಕೆಲವು ಸಲಹೆಗಳು. ಕೂಲಿಯ ಭಾಗವಾಗಿ ಯಾವ ಸದಸ್ಯನೂ ಮದ್ಯ ಕೊಡಬಾರದು. ಕೊಡುವ ಹಣವನ್ನೇ ಹೆಚ್ಚಿಸಿ ಕೈಗೆ ಕೊಡಲಿ. ಬಟವಾಡೆಯನ್ನು ಸಂಜೆಗೆ ಬದಲು ಮಧ್ಯಾಹ್ನವೇ ಮುಗಿಸಿ, ಆಳುಗಳನ್ನು ಬೆಳಕಿರುವಾಗಲೇ ಮನೆ ಸೇರಿಸಬೇಕು. ತಡವಾದ ರಾತ್ರಿ ಚಾಲಕ ಮಲಗಲು ತೋಟದಲ್ಲಿ ಒಂದು ಕೋಣೆ, ಒಂದು ಕಂಬಳಿ ಇರಲಿ. ಜೀಪಿನ ಕೀ ರೈಟರ ಬಳಿಯೇ ಇರಬೇಕು. ಸಂಶಯ ಬಂದರೆ ಕೊಡದಿರುವ ಅಧಿಕಾರ ಅವನಿಗಿರಬೇಕು. ಕೇಳಿದವನು ಧಣಿಯ ಮಗನಾದರೂ ಸರಿ. ಮದುವೆ, ಕ್ಲಬ್ಬುಗಳಿಂದ ತಾವೇ ಕಾರು ಓಡಿಸಿಕೊಂಡು ಬರುವ ನಮ್ಮವರಿಗೂ ಈ ನಿಯಮ ಅನ್ವಯಿಸದಿದ್ದರೆ ಚಾಲಕನಿಗೆ ಬುದ್ಧಿ ಹೇಳುವ ಮುಖ ನಮಗಿರುವುದಿಲ್ಲ.

ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿ ಫಲವಿಲ್ಲ. ಈ ಸಲದ ಕೊಯ್ಲು ಮುಗಿಯುವ ಮೊದಲೇ ಈ ಬಾಗಿಲು ಹಾಕೋಣ. ಬೆಳೆ ಕೈಕೊಟ್ಟರೆ ಮುಂದಿನ ವರ್ಷ ನೋಡಿಕೊಳ್ಳಬಹುದು. ಘಟ್ಟದ ತಿರುವಿನಲ್ಲಿ ಉರುಳಿದ ಜೀಪಿನಿಂದ ತೆಗೆದ ಹೆಣದ ಮನೆಯವರಿಗೆ ಮುಂದಿನ ವರ್ಷದ ಮಾತು ಹೇಳಲಾಗದು.