ತಲೆನೋವಿಗೆ ಸಾಕ್ಷಿ ಎಲ್ಲಿಂದ ತರಬೇಕು?

ಬೇಲೂರು ತಾಲ್ಲೂಕಿನ ಗೆಂಡೆಹಳ್ಳಿಯಲ್ಲಿ ನಮಗೆ ಸಿಕ್ಕ ಮಾಜಿ ಹವಾಲ್ದಾರರೊಬ್ಬರು ಬಾಗಿಲಿಗೆ ಬೆನ್ನು ಹಾಕಿ ಕೂತೇ ಮಾತಾಡಿದರು. ಬೆಳಕು ನೇರ ಕಣ್ಣಿಗೆ ಬಿದ್ದರೆ ಅರೆತಲೆ ಸಿಡಿಯಲು ಶುರುವಾಗುತ್ತದೆ, ಆಮೇಲೆ ವಾಂತಿ, ಆಮೇಲೆ ಒಂದು ದಿನ ಕತ್ತಲ ಕೋಣೆ. ಈಗ ತೋಟವೊಂದರಲ್ಲಿ ಕಾವಲು ಕೆಲಸ. ಕಾಫಿ ಒಣಗಿಸುವ ಕಣದ ಬಿಸಿಲಿಗೆ ನಿಲ್ಲಲಾಗದೆ ರಾತ್ರಿ ಪಾಳಿ ಕೇಳಿ ತೆಗೆದುಕೊಂಡಿದ್ದಾರೆ. ಹೆಸರು ಹಾಕಬೇಡಿ ಅಂದರು, ಹಾಕುತ್ತಿಲ್ಲ.

ಅವರ ಫೈಲಿನಲ್ಲಿ ಒಂದು ಕಾಗದವಿದೆ. ನಿಮ್ಮ ತಲೆನೋವು ಸೇವೆಯಿಂದ ಬಂದದ್ದಲ್ಲ, ಸೇವೆಯಿಂದ ಹೆಚ್ಚಾದದ್ದೂ ಅಲ್ಲ, ಆದ್ದರಿಂದ ಅಂಗವೈಕಲ್ಯ ಪಿಂಚಣಿ ಇಲ್ಲ ಎಂಬುದು ಅದರ ಸಾರ. ಈ ತೀರ್ಮಾನದ ಇಂಗ್ಲಿಷ್ ಮೊದಲಕ್ಷರಗಳನ್ನು ಕೂಡಿಸಿ ಸೇನೆಯ ಕಡತಗಳಲ್ಲಿ ‘ನಾನಾ’ ಅನ್ನುತ್ತಾರೆ. ಕನ್ನಡದವರಿಗೆ ಇದು ತಮಾಷೆಯಾಗಿ ಕೇಳಿಸುತ್ತದೆ. ತಲೆನೋವಿಗೆ ನಾನಾ ಕಾರಣ ಇರಬಹುದಂತೆ, ಸೇವೆ ಮಾತ್ರ ಇಲ್ಲವಂತೆ.

ಕೈಕಾಲು ಕಳೆದುಕೊಂಡ ಯೋಧನನ್ನು ನೋಡಿದರೆ ಯಾರೂ ಪುರಾವೆ ಕೇಳುವುದಿಲ್ಲ. ಮೈಗ್ರೇನ್ ಹಾಗಲ್ಲ. ಎಕ್ಸ್‌ರೇಯಲ್ಲಿ ಕಾಣದು, ರಕ್ತ ಪರೀಕ್ಷೆಯಲ್ಲಿ ಸಿಗದು, ಸ್ಕ್ಯಾನ್ ಮಾಡಿಸಿದರೂ ಸಾಮಾನ್ಯವಾಗಿ ಎಲ್ಲ ಸರಿ ಇದೆ ಎಂದೇ ಬರುತ್ತದೆ. ರೋಗಿ ಹೇಳಿದ್ದನ್ನು ಕೇಳಿಯೇ ವೈದ್ಯರು ಗುರುತಿಸಬೇಕು. ಒಮ್ಮೆ ಹಿಡಿದರೆ 4 ಗಂಟೆಯಿಂದ 72 ಗಂಟೆವರೆಗೂ ಇರಬಹುದು. ನಿದ್ದೆಗೆಡುವುದು, ಹೊತ್ತಿಗೆ ಸರಿಯಾಗಿ ಊಟವಿಲ್ಲದಿರುವುದು, ಕಣ್ಣು ಕುಕ್ಕುವ ಬೆಳಕು, ಮನಸ್ಸಿನ ಒತ್ತಡ, ಇವೆಲ್ಲ ಅದನ್ನು ಕೆರಳಿಸುತ್ತವೆ. ಗಡಿಯಲ್ಲಿ ಪಹರೆ ಕಾಯುವವನ ದಿನಚರಿಯೇ ಇದಲ್ಲವೇ? ಎತ್ತರದ ಹಿಮದ ಜಾಗಗಳಲ್ಲಿ ಆಮ್ಲಜನಕ ಕಡಿಮೆಯಾದಾಗ ಮೊದಲು ಕಾಣಿಸಿಕೊಳ್ಳುವುದೂ ತಲೆನೋವೇ.

ಸರ್ಕಾರದ ಕಡೆಯವರ ವಾದವನ್ನೂ ಹೇಳಬೇಕು. ತಲೆನೋವು ಯಾರಿಗಿಲ್ಲ, ಊರಲ್ಲಿದ್ದರೂ ಬರುತ್ತಿತ್ತು ಅನ್ನುತ್ತಾರೆ. ಅದರಲ್ಲೂ ಸತ್ಯವಿದೆ. ಬೆಂಗಳೂರಿನ ನಗರ ಮತ್ತು ಗ್ರಾಮೀಣ ಭಾಗದ 2,329 ಜನರನ್ನು ಮಾತಾಡಿಸಿ ನಡೆಸಿದ, 2014ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಒಂದು ವರ್ಷದೊಳಗೆ ಮೈಗ್ರೇನ್ ಅನುಭವಿಸಿದವರು ಶೇ 25ರಷ್ಟಿದ್ದರು. ನಾಲ್ವರಲ್ಲಿ ಒಬ್ಬರು. ಹಾಗಿದ್ದ ಮೇಲೆ ಸೇನೆಯೇ ಕೊಟ್ಟ ಕಾಯಿಲೆ ಎಂದು ಹೇಗೆ ಹೇಳುವುದು?

ಆದರೆ ನಿಯಮ ಕೇಳುವುದು ಅದೊಂದೇ ಪ್ರಶ್ನೆಯಲ್ಲ. ಸೇವೆಯಿಂದ ಬಂದಿದ್ದರೂ ಸಾಕು, ಇದ್ದದ್ದು ಸೇವೆಯಿಂದ ಹೆಚ್ಚಾಗಿದ್ದರೂ ಸಾಕು. ಸಾಬೀತು ಮಾಡುವ ಹೊಣೆ ಯಾರದು ಎಂಬುದನ್ನೂ ಸುಪ್ರೀಂ ಕೋರ್ಟ್ 2013ರಲ್ಲೇ ಬಿಡಿಸಿ ಹೇಳಿದೆ. ಧರಂವೀರ್ ಸಿಂಗ್ ಎಂಬ ಸಿಗ್ನಲ್ಸ್ ದಳದ ಸಿಪಾಯಿಯ ಪ್ರಕರಣ ಅದು. 1985ರಲ್ಲಿ ಸೇರಿದ್ದ ಅವರನ್ನು ಅಪಸ್ಮಾರ ಇದೆಯೆಂದು 1994ರಲ್ಲಿ ಮನೆಗೆ ಕಳಿಸಿದರು. ಶೇ 20 ವೈಕಲ್ಯ ಎಂದು ಬರೆದರು, ಸೇವೆಗೆ ಸಂಬಂಧವಿಲ್ಲ ಎಂದೂ ಬರೆದರು. ಅಪಸ್ಮಾರವೂ ತಲೆನೋವಿನ ಹಾಗೆಯೇ, ಬಂದಾಗ ಮಾತ್ರ ಗೊತ್ತಾಗುವ ಕಾಯಿಲೆ. ಕೋರ್ಟ್ ಹೇಳಿದ್ದು ಸರಳ. ಸೇರಿಸಿಕೊಳ್ಳುವಾಗ ನೀವೇ ಪರೀಕ್ಷೆ ಮಾಡಿ ಆರೋಗ್ಯವಂತ ಎಂದು ಬರೆದುಕೊಂಡಿದ್ದೀರಿ, ಆಗ ಕಾಯಿಲೆಯ ಉಲ್ಲೇಖವಿಲ್ಲ, ಹಾಗಾದರೆ ಅದು ಸೇವೆಯಲ್ಲಿ ಬಂದಿತೆಂದೇ ತಿಳಿಯಬೇಕು. ಅಲ್ಲ ಎನ್ನುವವರು ಕಾರಣ ತೋರಿಸಬೇಕು. ಅನುಮಾನವಿದ್ದರೆ ಅದರ ಲಾಭ ಯೋಧನಿಗೆ.

ಇಷ್ಟು ಸ್ಪಷ್ಟವಾಗಿ ಹೇಳಿದ ಮೇಲೂ ಕಾರಣ ಬರೆಯದ ಒಂದು ಸಾಲಿನ ನಿರಾಕರಣೆಗಳು ಬರುವುದು ನಿಂತಿಲ್ಲ ಎಂಬುದೇ ನಮ್ಮ ಸಿಟ್ಟು. ಕಾನೂನು ಯೋಧನ ಹೆಗಲಿನಿಂದ ಇಳಿಸಿದ ಹೊರೆಯನ್ನು ಕಚೇರಿಗಳು ಮತ್ತೆ ಅವನ ಮೇಲೇ ಹೊರಿಸುತ್ತಿವೆ.

ಇನ್ನೊಂದು ಸಂಕಟವಿದೆ, ಇದನ್ನು ಹೊರಗಿನವರು ಯೋಚಿಸುವುದಿಲ್ಲ. ಸೇವೆಯಲ್ಲಿರುವಾಗ ತಲೆನೋವು ಎಂದು ಪದೇ ಪದೇ ಆಸ್ಪತ್ರೆಗೆ ಹೋದರೆ ವೈದ್ಯಕೀಯ ದರ್ಜೆ ಇಳಿಯುತ್ತದೆ, ಬಡ್ತಿಗೆ ಕುತ್ತು. ಜೊತೆಯವರು ಕೆಲಸಗಳ್ಳ ಅನ್ನುತ್ತಾರೆ. ಹಾಗಾಗಿ ನಮ್ಮ ಹುಡುಗರು ಮಾತ್ರೆ ನುಂಗಿ, ಹಣೆಗೆ ಅಮೃತಾಂಜನ ಉಜ್ಜಿ ಡ್ಯೂಟಿಗೆ ನಿಲ್ಲುತ್ತಾರೆ. ಗೆಂಡೆಹಳ್ಳಿಯ ಹವಾಲ್ದಾರರೂ ವರ್ಷಗಟ್ಟಲೆ ಅದನ್ನೇ ಮಾಡಿದರು. ಕೊನೆಗೆ ಪಿಂಚಣಿ ಕೇಳಿದಾಗ ಹಳೆಯ ಚಿಕಿತ್ಸೆಯ ದಾಖಲೆ ಎಲ್ಲಿ ಎಂಬ ಪ್ರಶ್ನೆ. ಸಹಿಸಿಕೊಂಡದ್ದೇ ಅವರಿಗೆ ಎದುರು ಸಾಕ್ಷಿಯಾಯಿತು.

ದುರುಪಯೋಗ ನಡೆಯುತ್ತಿದೆ ಎಂಬ ಮಾತು ದೆಹಲಿಯಲ್ಲಿ ಜೋರಾಗಿದೆ. 2023ರ ಸಿಎಜಿ ವರದಿಯನ್ನೇ ನೋಡಿ: ನಿವೃತ್ತರಾಗುವ ಅಧಿಕಾರಿಗಳಲ್ಲಿ ಶೇ 36ರಿಂದ 40 ಮಂದಿಗೆ ಈ ಪಿಂಚಣಿ ಸಿಕ್ಕಿತ್ತು, ಅಧಿಕಾರಿ ದರ್ಜೆಗಿಂತ ಕೆಳಗಿನವರಲ್ಲಿ ಶೇ 15ರಿಂದ 18 ಮಂದಿಗೆ. ಅಂದರೆ ಕಾಗದಪತ್ರ ಗೊತ್ತಿದ್ದವರು ಪಡೆಯುತ್ತಾರೆ, ಬಂಕರಿನಲ್ಲಿ ಮಲಗಿದವನು ಅಲೆಯುತ್ತಾನೆ. ಬಿಗಿ ಮಾಡುವುದಾದರೆ ಮೇಲಿನಿಂದ ಮಾಡಲಿ.

ಹಣದ ಲೆಕ್ಕವನ್ನೂ ಹೇಳಿಬಿಡುತ್ತೇವೆ, ಏಕೆಂದರೆ ಎಷ್ಟೋ ಮನೆಗಳಲ್ಲಿ ಇದು ಗೊತ್ತಿಲ್ಲ. ಪೂರ್ತಿ ವೈಕಲ್ಯಕ್ಕೆ ಕೊನೆಯ ವೇತನದ ಶೇ 30 ಸಿಗುತ್ತದೆ, ಕಡಿಮೆ ವೈಕಲ್ಯಕ್ಕೆ ಅದೇ ಅನುಪಾತದಲ್ಲಿ. ವೇತನ 40,000 ರೂಪಾಯಿ ಇದ್ದು ಶೇ 20 ವೈಕಲ್ಯವಾದರೆ 2,400 ರೂಪಾಯಿ. ಆದರೆ ಶೇ 20ರಿಂದ 50ರೊಳಗೆ ಇದ್ದರೆ 50 ಎಂದೇ ಎಣಿಸಬೇಕು, ಅವಧಿ ಮುಗಿಸಿ ನಿವೃತ್ತರಾದವರಿಗೂ ಇದು ಸಲ್ಲುತ್ತದೆ ಎಂದು 2014ರ ರಾಮ್ ಅವತಾರ್ ತೀರ್ಪಿನಲ್ಲಿ ಬಂದಿದೆ. ಆಗ ತಿಂಗಳಿಗೆ 6,000. ಇದು ಮಾಮೂಲಿ ಪಿಂಚಣಿಯ ಮೇಲೆ ಬರುವ ಹಣ. ಅದಕ್ಕೇ ವೈದ್ಯಕೀಯ ಮಂಡಳಿ ಬರೆಯುವ ಅಂಕಿ ಇಷ್ಟು ಮುಖ್ಯ. 20ರ ಬದಲು 19 ಎಂದು ಬಿದ್ದರೆ ಅವಧಿ ಮುಗಿಸಿ ಬಂದವನಿಗೆ ಸೊನ್ನೆ. ಕಾಣದ ನೋವಿಗೆ 19 ಯಾವುದು, 20 ಯಾವುದು ಎಂದು ಅಳೆಯುವ ತಕ್ಕಡಿ ಯಾರ ಹತ್ತಿರ ಇದೆಯೋ!

ಅಮೆರಿಕದಲ್ಲಿ ಮಾಜಿ ಸೈನಿಕರ ಮೈಗ್ರೇನ್‌ಗೆ ಪ್ರತ್ಯೇಕ ಅಳತೆಯೇ ಇದೆ. ಹಾಸಿಗೆ ಹಿಡಿಸುವಂಥ ತಲೆನೋವು ತಿಂಗಳಿಗೆ ಸರಾಸರಿ ಒಮ್ಮೆ ಬಂದರೆ ಶೇ 30, ದುಡಿಮೆಗೇ ಕಲ್ಲು ಹಾಕುವಷ್ಟು ಪದೇ ಪದೇ ಬಂದರೆ ಶೇ 50. ಎಷ್ಟು ಸಲ ಮಲಗಿಸಿತು ಎಂಬುದೇ ಲೆಕ್ಕ. ಅಲ್ಲಿಯೂ ಮೇಲ್ಮನವಿಗಳ ರಾಶಿಯೇ ಇದೆ, ಆದರೆ ಯಾವುದರ ಮೇಲೆ ವಾದ ಮಾಡಬೇಕೆಂದು ಕನಿಷ್ಠ ಗೊತ್ತಿರುತ್ತದೆ. ಇಂಥದೊಂದು ಅಳತೆಯನ್ನು ನಮ್ಮ ರಕ್ಷಣಾ ಸಚಿವಾಲಯವೂ ಎಲ್ಲರಿಗೂ ಕಾಣುವ ಹಾಗೆ ಹಾಕಬೇಕು, ಮತ್ತು ಕಾರಣ ಬರೆಯದ ನಿರಾಕರಣೆಯನ್ನು ತಾನೇ ವಾಪಸ್ ಪಡೆಯಬೇಕು.

ಅಲ್ಲಿಯವರೆಗೆ ಮನೆಯವರು ಮಾಡಬೇಕಾದದ್ದಿದೆ. ನಿರಾಕರಣೆ ಪತ್ರ ಬಂದ 6 ತಿಂಗಳೊಳಗೆ ಮೊದಲ ಮೇಲ್ಮನವಿ, ಅದೂ ಆಗದಿದ್ದರೆ ಎರಡನೆಯದು, ಆಮೇಲೆ ಸಶಸ್ತ್ರ ಪಡೆಗಳ ನ್ಯಾಯಮಂಡಳಿ. ಕರ್ನಾಟಕ ಅದರ ಕೊಚ್ಚಿ ಪೀಠದ ವ್ಯಾಪ್ತಿಗೆ ಬರುತ್ತದೆ. ತಡವಾಗಿದೆ ಎಂದು ಕೈಬಿಡಬೇಡಿ. ಪಿಂಚಣಿ ತಿಂಗಳು ತಿಂಗಳು ಸಲ್ಲಬೇಕಾದ ಹಕ್ಕಾದ್ದರಿಂದ ಹಳೆಯ ಪ್ರಕರಣಗಳನ್ನೂ ಕೇಳುತ್ತಾರೆ, ಆದರೆ ಬಾಕಿ ಸಾಮಾನ್ಯವಾಗಿ ಹಿಂದಿನ 3 ವರ್ಷಕ್ಕಷ್ಟೇ. ಬಿಡುಗಡೆ ಸಮಯದ ವೈದ್ಯಕೀಯ ಮಂಡಳಿಯ ವರದಿಯ ಪ್ರತಿ ಕೈಯಲ್ಲಿರಲೇಬೇಕು, ಇಲ್ಲದಿದ್ದರೆ ಮಾಹಿತಿ ಹಕ್ಕಿನಲ್ಲಿ ಕೇಳಿ. 2023ರ ಸೆಪ್ಟೆಂಬರ್ 21ರ ನಂತರ ಸೇವೆ ಬಿಟ್ಟವರಿಗೆ ಹೊಸ ನಿಯಮ, ಅದಕ್ಕೂ ಮೊದಲಿನವರಿಗೆ ಹಳೆಯದೇ. ಹೊಸದನ್ನು ತೋರಿಸಿ ಹಳಬರನ್ನು ವಾಪಸ್ ಕಳಿಸಿದರೆ ಒಪ್ಪಬೇಡಿ.

ಗೆಂಡೆಹಳ್ಳಿಯ ಹವಾಲ್ದಾರರ ಬಳಿ ಆ ವರದಿಯ ಪ್ರತಿ ಇರಲಿಲ್ಲ. ರೆಕಾರ್ಡ್ ಆಫೀಸಿಗೆ ಅರ್ಜಿ ಬರೆಯಲು ನಾವು ಜೊತೆಗೆ ಕೂತೆವು. ಅವರ ಹೆಂಡತಿ ಗೋಡೆಯ ಕ್ಯಾಲೆಂಡರ್ ಇಳಿಸಿ ತಂದರು. ಗಂಡ ಎದ್ದೇಳಲಾಗದ ದಿನಗಳಿಗೆಲ್ಲ ಅವರು ಸುತ್ತು ಹಾಕಿಟ್ಟಿದ್ದರು, ಕೂಲಿ ಲೆಕ್ಕಕ್ಕೆಂದು. ಅದನ್ನೂ ಜೆರಾಕ್ಸ್ ಮಾಡಿಸಿ ಫೈಲಿಗೆ ಸೇರಿಸಿದ್ದೇವೆ.