ಉಂಡು ದೂರು ಕೊಡೋರು

ಆರ್.ಟಿ. ನಗರದಲ್ಲಿ ಕಡಿಮೆ ದುಡ್ಡಿಗೆ ಒಳ್ಳೇ ಊಟ ಸಿಗಲ್ಲ ಅಂತ ಗೊಣಗೋರೂ, ಫುಟ್‌ಪಾತ್ ಮೇಲಿನ ತಳ್ಳುಗಾಡಿ ಫೋಟೋ ಹೊಡೆದು ಪಾಲಿಕೆಗೆ ಟ್ಯಾಗ್ ಮಾಡೋರೂ ಒಬ್ಬರೇ. ಒಂದು ಗಂಟೆಗೆ ಅಲ್ಲೇ ನಿಂತು ಮುದ್ದೆ, ಸೊಪ್ಪಿನ ಸಾರು, ಮೂರಕ್ಕೆ ದೂರು. ನಮ್ಮೂರಲ್ಲಿ ಇದಕ್ಕೆ ಉಂಡ ಮನೆಗೆ ಎರಡು ಬಗೆಯೋದು ಅಂತಾರೆ.

ಸ್ವಾಮಿ, 2014ರ ಬೀದಿಬದಿ ವ್ಯಾಪಾರಿಗಳ ಕಾಯ್ದೆ ಒಮ್ಮೆ ಓದಿ. ಸಮೀಕ್ಷೆ ಮುಗಿಸಿ ಪ್ರಮಾಣಪತ್ರ ಕೊಡೋವರೆಗೂ ಯಾರನ್ನೂ ಎಬ್ಬಿಸೋ ಹಾಗಿಲ್ಲ. ನಡೆಯೋಕೆ ಜಾಗ ಬೇಕು, ಒಪ್ಪಿದೆ. ಅದೇ ಫುಟ್‌ಪಾತ್ ಹತ್ತಿ ನಿಂತಿರೋ ಕಾರಿನ ಫೋಟೋ ಯಾಕೆ ಹೊಡೆಯಲ್ಲ?

ಇಂದಿರಾ ಕ್ಯಾಂಟೀನ್ ಇದೆಯಲ್ಲ ಅಂತೀರಿ. 2017ರಲ್ಲಿ 10 ರೂಪಾಯಿಗೆ ಊಟ ಅಂತ ಶುರುವಾಗಿದ್ದು ಕೂಲಿಯವರಿಗಾಗಿ. ಐ.ಡಿ. ಕಾರ್ಡ್ ನೇತಾಕ್ಕೊಂಡು ಆ ಸಾಲಲ್ಲಿ ನಿಲ್ಲೋಕೆ ನನಗಂತೂ ಮನಸ್ಸು ಬರಲ್ಲ. ದೂರು ಕೊಡಲೇಬೇಕಾ? ನಮ್ಮ ವಾರ್ಡಿನಲ್ಲಿ ಗಾಡಿಗಳಿಗೆ ಜಾಗ ಎಲ್ಲಿ ಗುರುತು ಮಾಡಿದ್ದೀರಿ ಅಂತ ಪಾಲಿಕೆಯನ್ನ ಕೇಳಿ.